ಟೆಕ್ಸಸ್ ಸಂವಿಧಾನ: ಒಬ್ಬ ಗವರ್ನರ್ ಮೇಲಿನ ಸಿಟ್ಟಿನಲ್ಲಿ ಕಟ್ಟಿದ ಸರ್ಕಾರ

2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಅತ್ಯುನ್ನತ ಕ್ರಿಮಿನಲ್ ಕೋರ್ಟಿನ ಮೂವರು ನ್ಯಾಯಾಧೀಶರು ಚುನಾವಣೆಯಲ್ಲಿ ಸೋತರು. ಶೇರನ್ ಕೆಲ್ಲರ್, ಬಾರ್ಬರಾ ಹರ್ವಿ, ಮಿಶೆಲ್ ಸ್ಲಾಟರ್. ಮೂವರೂ ರಿಪಬ್ಲಿಕನ್ ಪಕ್ಷದವರು. ಅವರನ್ನು ಸೋಲಿಸಿದ್ದು ಎದುರು ಪಕ್ಷ ಅಲ್ಲ, ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲಿ, ಮತ ಹಾಕಿದ ಅವರದೇ ಪಕ್ಷದವರು. ಕೆಲ್ಲರ್ ಅಂತೂ ಆ ಕೋರ್ಟಿನಲ್ಲಿ ಹತ್ತಿರ ಹತ್ತಿರ 30 ವರ್ಷದಿಂದ ಇದ್ದವರು.

ಅವರು ಮಾಡಿದ ತಪ್ಪೇನು? 2021ರ ಡಿಸೆಂಬರ್‌ನಲ್ಲಿ ಬಂದ ಒಂದು ತೀರ್ಪಿಗೆ ಸಹಿ ಹಾಕಿದ್ದು. ಒಬ್ಬ ಷೆರಿಫ್ ಮೇಲೆ, ಅಂದರೆ ಕೌಂಟಿ ಎಂಬ ಜಿಲ್ಲೆಯಂಥ ಪ್ರದೇಶದ ಪೊಲೀಸ್ ಮುಖ್ಯಸ್ಥರ ಮೇಲೆ, ಚುನಾವಣಾ ಹಣದ ಆರೋಪ ಇತ್ತು. ಸ್ಥಳೀಯ ಸರ್ಕಾರಿ ವಕೀಲರು ಕೇಸು ಹಾಕಲಿಲ್ಲ. ಆಗ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಚೇರಿಯೇ ಕೇಸು ಹಿಡಿದು ಪಕ್ಕದ ಕೌಂಟಿಗೆ ಹೋಯಿತು. ಕೋರ್ಟು 8–1ರಲ್ಲಿ ಬೇಡ ಎಂದಿತು. ಅಟಾರ್ನಿ ಜನರಲ್ ಕಾರ್ಯಾಂಗಕ್ಕೆ ಸೇರಿದವರು. ಅಪರಾಧದ ಕೇಸು ನಡೆಸುವ ಕೌಂಟಿ ಮತ್ತು ಜಿಲ್ಲಾ ವಕೀಲರನ್ನು ರಾಜ್ಯದ ಸಂವಿಧಾನ ಇಟ್ಟಿರುವುದು ನ್ಯಾಯಾಂಗದ ಅಧ್ಯಾಯದಲ್ಲಿ. ಒಂದು ಅಂಗದವರು ಇನ್ನೊಂದರ ಕೆಲಸಕ್ಕೆ ಕೈ ಹಾಕಬಾರದು ಎಂದು ಎರಡನೇ ಅಧ್ಯಾಯ ಬಾಯಿಬಿಟ್ಟು ಹೇಳುತ್ತದೆ. ಹಾಗಾಗಿ ಸ್ಥಳೀಯ ವಕೀಲರು ಕರೆದರೆ ಬರಬಹುದು, ತಾವಾಗಿ ನುಗ್ಗುವಂತಿಲ್ಲ. ಪ್ಯಾಕ್ಸ್‌ಟನ್ ಸಿಟ್ಟಾದರು. ಮುಂದಿನ ಚುನಾವಣೆ ಬರುವವರೆಗೂ ಆ ಸಿಟ್ಟು ಹಾಗೇ ಉಳಿಯಿತು.

ಅಟಾರ್ನಿ ಜನರಲ್ ಅಂದರೆ ಗವರ್ನರ್‌ಗೆ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥರಿಗೆ) ಕಾನೂನು ಸಲಹೆ ಕೊಡುವವರು ಅಲ್ವಾ? ಅವರೇಕೆ ಚುನಾವಣೆಗೆ ನಿಂತು, ಸ್ವಂತ ಬಲ ಕಟ್ಟಿಕೊಂಡು, ಜಡ್ಜುಗಳ ವಿರುದ್ಧ ಪ್ರಚಾರ ಮಾಡುತ್ತಾರೆ? ಜಡ್ಜುಗಳಾದರೂ ಯಾಕೆ ಪಕ್ಷದ ಟಿಕೆಟ್ ಮೇಲೆ ನಿಲ್ಲಬೇಕು? ನಮಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಭಾರತದಲ್ಲಿ ರಾಜ್ಯಗಳಿಗೆ ಬೇರೆ ಸಂವಿಧಾನ ಇಲ್ಲ. ಜಮ್ಮು ಮತ್ತು ಕಾಶ್ಮೀರಕ್ಕೆ ಇತ್ತು, 2019ಕ್ಕೆ ಅದೂ ಮುಗಿಯಿತು. ವಿಧಾನಸಭೆ, ಮಂತ್ರಿಮಂಡಲ, ಹೈಕೋರ್ಟ್ ಹೇಗಿರಬೇಕು ಎನ್ನುವುದೆಲ್ಲ ದೇಶದ ಸಂವಿಧಾನದ 6ನೇ ಭಾಗದಲ್ಲೇ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಂವಿಧಾನ ಸಭೆ ಕೂಡಿಸಿತ್ತು. ಕೊನೆಗೆ 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವೇ ಮೈಸೂರಿಗೂ ಎಂದು ಘೋಷಿಸಿದರು. ಅಮೆರಿಕದಲ್ಲಿ ಹಾಗಲ್ಲ. 50 ರಾಜ್ಯಕ್ಕೆ 50 ಸಂವಿಧಾನ. ಒಂದೊಂದಕ್ಕೂ ಒಂದೊಂದು ಜಗಳದ ಕಥೆ ಇದೆ. ಟೆಕ್ಸಸ್‌ನದ್ದು ಸ್ವಲ್ಪ ಜಾಸ್ತಿಯೇ ಜಗಳ.

ಆ ಜಗಳದ ನಡುವೆ ನಿಂತವರು ಎಡ್ಮಂಡ್ ಡೇವಿಸ್. ಅಂತರ್ಯುದ್ಧದಲ್ಲಿ ಟೆಕ್ಸಸ್ ಗುಲಾಮಗಿರಿಯ ಪರ ಇದ್ದ ದಕ್ಷಿಣದ ಜೊತೆ ಹೋಗಿತ್ತು. ಡೇವಿಸ್ ಟೆಕ್ಸಸ್‌ನವರಾಗಿದ್ದರೂ ಅಲ್ಲಿಂದ ಹೊರಬಂದು ಉತ್ತರದ ಸೇನೆ ಸೇರಿದವರು. ದಕ್ಷಿಣದವರು ಯುದ್ಧ ಸೋತ ಮೇಲೆ 1869ರಲ್ಲಿ ಹೊಸ ಸಂವಿಧಾನ ಬಂತು, 1870ರಲ್ಲಿ ಡೇವಿಸ್ ಗವರ್ನರ್ ಆದರು. ಆ ಸಂವಿಧಾನ ಗವರ್ನರ್ ಕೈಗೆ ತುಂಬಾ ಬಲ ಕೊಟ್ಟಿತ್ತು. ಶಾಸಕಾಂಗ ಅದಕ್ಕೆ ಇನ್ನಷ್ಟು ಸೇರಿಸಿತು. ಹಳ್ಳಿ ಪಟ್ಟಣಗಳ ಎಷ್ಟೋ ಹುದ್ದೆಗಳನ್ನು ಅವರೇ ತುಂಬಿದರು. ಇಡೀ ರಾಜ್ಯಕ್ಕೆ ಒಂದು ಪೊಲೀಸ್ ಪಡೆ ಕಟ್ಟಿದರು. ಕೆಲವು ಕೌಂಟಿಗಳಲ್ಲಿ ಸೇನಾ ಕಾನೂನು ಹೇರಿದರು. ಶಾಲೆ, ರಸ್ತೆಗೆಂದು ತೆರಿಗೆ ಏರಿತು.

ಬಿಳಿಯರಿಗೆ ಇದು ದಬ್ಬಾಳಿಕೆ ಎನ್ನಿಸಿತು. ಆದರೆ ಈ ಕಥೆಯನ್ನು ತೆರಿಗೆ, ಪೊಲೀಸು ಅಂತ ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ. ಆ ಪೊಲೀಸ್ ಪಡೆಯಲ್ಲಿ ನಿನ್ನೆಮೊನ್ನೆವರೆಗೆ ಗುಲಾಮರಾಗಿದ್ದ ಕರಿಯರೂ ಇದ್ದರು. ಕರಿಯರಿಗೆ ಮತದ ಹಕ್ಕು ಸಿಕ್ಕಿತ್ತು. ಅವರ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ತಡೆಯಲು ಗಟ್ಟಿ ಸರ್ಕಾರ ಬೇಕಿತ್ತು. ಡೇವಿಸ್ ವಿರೋಧಿಗಳ ಸಿಟ್ಟಿನಲ್ಲಿ ಎಷ್ಟು ಪಾಲು ತೆರಿಗೆಯದ್ದು, ಎಷ್ಟು ಪಾಲು ಜನಾಂಗ ದ್ವೇಷದ್ದು ಎಂದು ಬಿಡಿಸಿ ಇಡಲು ಆಗುವುದಿಲ್ಲ. ಎರಡೂ ಇತ್ತು.

1873ರ ಡಿಸೆಂಬರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ಕೋಕ್ ಸುಮಾರು ಎರಡರಷ್ಟು ಮತ ಪಡೆದು ಗೆದ್ದರು. ಆಗ ಹ್ಯೂಸ್ಟನ್‌ನಲ್ಲಿ ಎರಡು ಸಲ ಮತ ಹಾಕಿದ ಎಂದು ಒಬ್ಬನನ್ನು ಹಿಡಿದರು. ಚುನಾವಣೆಯೇ ಕಾನೂನುಬಾಹಿರ, ಇನ್ನು ನನ್ನ ತಪ್ಪೆಲ್ಲಿ ಎಂದು ಅವನ ಪರ ವಾದ ನಡೆಯಿತು. ಸಂವಿಧಾನದ ಆ ವಾಕ್ಯ ಹೀಗಿತ್ತು: ಚುನಾವಣೆ ಕೌಂಟಿ ಕೇಂದ್ರದಲ್ಲಿ ನಡೆಯಬೇಕು, ಕಾನೂನು ಬೇರೆ ರೀತಿ ಹೇಳುವವರೆಗೆ; ಮತ್ತು ಮತಗಟ್ಟೆ ನಾಲ್ಕು ದಿನ ತೆರೆದಿರಬೇಕು. ಹೊಸ ಕಾನೂನು ಮತದಾನವನ್ನು ಒಂದೇ ದಿನಕ್ಕೆ ಇಳಿಸಿತ್ತು. ನಡುವೆ ಅರ್ಧವಿರಾಮ ಚಿಹ್ನೆ ಇದೆ, ಆದ್ದರಿಂದ ಕಾನೂನು ಬದಲಿಸಬಹುದಾದ್ದು ಜಾಗವನ್ನು ಮಾತ್ರ, ನಾಲ್ಕು ದಿನವನ್ನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಚುನಾವಣೆ ಅಸಿಂಧು. ಆ ಪೀಠಕ್ಕೆ ‘ಸೆಮಿಕೋಲನ್ ಕೋರ್ಟ್’ ಎಂಬ ಅಡ್ಡಹೆಸರು ಇವತ್ತಿಗೂ ಹೋಗಿಲ್ಲ.

ಕೋಕ್ ಕಡೆಯವರು ಆ ತೀರ್ಪನ್ನು ಕ್ಯಾರೇ ಎನ್ನಲಿಲ್ಲ. 1874ರ ಜನವರಿಯಲ್ಲಿ ಆಸ್ಟಿನ್‌ನ ಶಾಸನಭವನದ ಮೇಲಿನ ಮಹಡಿಯಲ್ಲಿ ಅವರು ಸೇರಿದರು. ಕೆಳಗಿನ ಮಹಡಿಯಲ್ಲಿ ಡೇವಿಸ್ ಕಾವಲು ಹಾಕಿಕೊಂಡು ಕೂತಿದ್ದರು. ರಾಜ್ಯಕ್ಕೆ ಇಬ್ಬರು ಗವರ್ನರ್‌ಗಳು, ಒಂದೇ ಕಟ್ಟಡ. ಡೇವಿಸ್ ರಕ್ಷಣೆಗೆ ಕರೆಸಿದ ಟ್ರಾವಿಸ್ ರೈಫಲ್ಸ್ ಎಂಬ ದಳ ಬಂದು ಕೋಕ್ ಪಕ್ಷ ವಹಿಸಿತು! ಅಧ್ಯಕ್ಷ ಗ್ರಾಂಟ್ ಸೇನೆ ಕಳಿಸಲು ಒಪ್ಪಲಿಲ್ಲ. ಡೇವಿಸ್ ಹೊರಟರು. ಅದಾದ ಮೇಲೆ ಟೆಕ್ಸಸ್‌ನಲ್ಲಿ ಮತ್ತೊಬ್ಬ ರಿಪಬ್ಲಿಕನ್ ಗವರ್ನರ್ ಬಂದದ್ದು 1979ರಲ್ಲಿ.

1875ರ ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬರೆಯಲು 90 ಜನ ಸೇರಿದರು. ಬಹುಮತ ಡೆಮಾಕ್ರಾಟರದ್ದು. ಅವರಲ್ಲಿ ಎಷ್ಟೋ ಜನ ಗ್ರೇಂಜ್ ಎಂಬ ರೈತ ಸಂಘದವರು. ಖರ್ಚು ಕಡಿತವೇ ಅವರ ಮಂತ್ರ. ಎಷ್ಟರ ಮಟ್ಟಿಗೆ ಎಂದರೆ, ಸಭೆಯ ಚರ್ಚೆ ಬರೆದುಕೊಳ್ಳಲು ಒಬ್ಬ ಶೀಘ್ರಲಿಪಿಕಾರನನ್ನೂ ಇಟ್ಟುಕೊಳ್ಳಲಿಲ್ಲ. ದುಡ್ಡು ದಂಡ ಎಂದರು. ಹಾಗಾಗಿ ಯಾವ ಸಾಲನ್ನು ಯಾವ ಉದ್ದೇಶದಿಂದ ಬರೆದರು ಎಂದು ತಿಳಿಯಲು ಇವತ್ತಿನ ವಕೀಲರು ಆ ಕಾಲದ ಪತ್ರಿಕೆಗಳನ್ನು ತಡಕಾಡಬೇಕು. ಉಳಿಸಿದ್ದು ನಾಲ್ಕು ಕಾಸು, ಕಳೆದದ್ದು ಎಷ್ಟು!

1876ರ ಫೆಬ್ರವರಿಯಲ್ಲಿ ಮತದಾರರು ಒಪ್ಪಿದ ಆ ಸಂವಿಧಾನವೇ ಇವತ್ತಿಗೂ ನಡೆಯುತ್ತಿದೆ. ಅದನ್ನು ಬರೆದವರ ತಲೆಯಲ್ಲಿ ಇದ್ದದ್ದು ಒಂದೇ: ಇನ್ನೊಬ್ಬ ಡೇವಿಸ್ ಹುಟ್ಟಬಾರದು. ಕೂಡುಕುಟುಂಬದಲ್ಲಿ ಯಜಮಾನನನ್ನು ನಂಬದೆ, ಒಂದೊಂದು ಕೋಣೆಯ ಬೀಗದ ಕೈಯನ್ನು ಒಬ್ಬೊಬ್ಬರಿಗೆ ಕೊಟ್ಟ ಹಾಗೆ ಕಾರ್ಯಾಂಗವನ್ನು ಹಂಚಿದರು. ಗವರ್ನರ್ ಸಂಬಳವನ್ನು 5,000 ಡಾಲರ್‌ನಿಂದ 4,000ಕ್ಕೆ ಇಳಿಸಿದರು. ಅವಧಿ ಎರಡೇ ವರ್ಷ. ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ಲೆಕ್ಕಪತ್ರ ನೋಡುವ ಕಂಟ್ರೋಲರ್, ಖಜಾಂಚಿ, ಸರ್ಕಾರಿ ಭೂಮಿ ನೋಡುವ ಲ್ಯಾಂಡ್ ಕಮಿಷನರ್, ಎಲ್ಲರನ್ನೂ ಜನರೇ ಬೇರೆ ಬೇರೆಯಾಗಿ ಆರಿಸುತ್ತಾರೆ. ಇವರಲ್ಲಿ ಯಾರನ್ನೂ ಗವರ್ನರ್ ತೆಗೆಯುವಂತಿಲ್ಲ. ಅವರು ತಾವೇ ನೇಮಿಸಬಹುದಾದ ದೊಡ್ಡ ಹುದ್ದೆ, ಚುನಾವಣೆ ಮತ್ತು ದಾಖಲೆ ನೋಡುವ ಸೆಕ್ರೆಟರಿ ಆಫ್ ಸ್ಟೇಟ್ ಒಂದೇ. ನಮ್ಮ ಕಡೆ ಮುಖ್ಯಮಂತ್ರಿ ಖಾತೆ ಹಂಚುತ್ತಾರೆ, ಬೇಡವಾದರೆ ಕಿತ್ತುಕೊಳ್ಳುತ್ತಾರೆ. ಅಲ್ಲಿ ಆ ಮಾತೇ ಇಲ್ಲ. ಖಜಾಂಚಿ ಹುದ್ದೆ ಮಾತ್ರ 1990ರ ದಶಕದಲ್ಲಿ ರದ್ದಾಯಿತು.

ಶಾಸಕಾಂಗವನ್ನೂ ಅವರು ನಂಬಲಿಲ್ಲ. ಎರಡು ವರ್ಷಕ್ಕೊಮ್ಮೆ ಸೇರಿ ಸಾಕು ಎಂದರು. ಅಧಿವೇಶನದ ಮೊದಲ 60 ದಿನ ದಿನಕ್ಕೆ 5 ಡಾಲರ್ ಭತ್ಯೆ, ಆಮೇಲೆ ಕೂತರೆ 2 ಡಾಲರ್. ಬೇಗ ಮನೆಗೆ ಹೋಗಿ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ? ಈಗಲೂ ಎರಡು ವರ್ಷಕ್ಕೊಮ್ಮೆಯೇ ಅಧಿವೇಶನ, ಹೆಚ್ಚೆಂದರೆ 140 ದಿನ. ಸಂಬಳ ತಿಂಗಳಿಗೆ 600 ಡಾಲರ್, ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ. ಜನ ತಮಾಷೆ ಮಾಡುತ್ತಾರೆ: ಎರಡು ವರ್ಷಕ್ಕೊಮ್ಮೆ 140 ದಿನ ಸೇರುವ ಬದಲು 140 ವರ್ಷಕ್ಕೊಮ್ಮೆ ಎರಡು ದಿನ ಸೇರಿದ್ದರೆ ಚೆನ್ನಾಗಿತ್ತು ಎಂದು. ಸೆನೆಟ್‌ನಲ್ಲಿ 31, ಕೆಳಮನೆಯಲ್ಲಿ 150 ಸದಸ್ಯರು.

ನ್ಯಾಯಾಂಗದ ಕಥೆ ಚಿಕ್ಕದು. ಜಡ್ಜುಗಳನ್ನು ಗವರ್ನರ್ ನೇಮಿಸುವುದು ಬೇಡ, ಜನ ಆರಿಸಲಿ ಎಂದರು. ಕೇಸುಗಳ ಹೊರೆ ಜಾಸ್ತಿ ಎಂದು ಮೇಲಿನ ಕೋರ್ಟನ್ನು ಎರಡಾಗಿ ಒಡೆದರು. 1891ರಿಂದ ಸಿವಿಲ್ ವ್ಯಾಜ್ಯಕ್ಕೆ ಸುಪ್ರೀಂ ಕೋರ್ಟ್, ಕ್ರಿಮಿನಲ್ ವ್ಯಾಜ್ಯಕ್ಕೆ ಕೋರ್ಟ್ ಆಫ್ ಕ್ರಿಮಿನಲ್ ಅಪೀಲ್ಸ್. ಎರಡರಲ್ಲೂ ಈಗ ಒಂಬತ್ತೊಂಬತ್ತು ಜಡ್ಜುಗಳು. ಅಮೆರಿಕದಲ್ಲಿ ಹೀಗೆ ಎರಡು ಅತ್ಯುನ್ನತ ಕೋರ್ಟು ಇರುವುದು ಟೆಕ್ಸಸ್ ಮತ್ತು ಪಕ್ಕದ ಒಕ್ಲಹೋಮಾದಲ್ಲಿ ಮಾತ್ರ.

ಇಷ್ಟೆಲ್ಲ ಬಲ ಚೆದುರಿಸಿದರೆ ಆ ಬಲ ಮಾಯವಾಯಿತೇ? ಇಲ್ಲ. ಅದು ಬೇರೆ ಕಡೆ ಹೋಗಿ ಸೇರಿತು. ಮೊದಲು ಹೋಗಿದ್ದು ಯಾರೂ ಅಷ್ಟಾಗಿ ಗಮನಿಸದ ಲೆಫ್ಟಿನೆಂಟ್ ಗವರ್ನರ್ ಹತ್ತಿರ. ಅವರು ಸೆನೆಟ್‌ನ ಅಧ್ಯಕ್ಷತೆ ವಹಿಸುತ್ತಾರೆ, ಅಷ್ಟೇ ಎನ್ನುತ್ತದೆ ಸಂವಿಧಾನ. ಆದರೆ ಸೆನೆಟ್ ತನ್ನ ನಿಯಮಗಳಲ್ಲೇ ಸಮಿತಿಗಳನ್ನು ನೇಮಿಸುವ, ಯಾವ ಮಸೂದೆ ಮೇಲೆ ಬರಬೇಕು ಎಂದು ತೀರ್ಮಾನಿಸುವ ಬಲವನ್ನು ಅವರಿಗೆ ಕೊಟ್ಟುಬಿಟ್ಟಿತು. 1949ರಲ್ಲಿ ಬಜೆಟ್ ಮಂಡಳಿ ಬಂದಾಗ ಅದರ ನಾಯಕತ್ವವೂ ಅವರಿಗೆ ಮತ್ತು ಸ್ಪೀಕರ್‌ಗೆ ಸಿಕ್ಕಿತು. 1990ರ ದಶಕದಲ್ಲಿ ಡೆಮಾಕ್ರಾಟ್ ಬಾಬ್ ಬುಲಕ್ ಆ ಹುದ್ದೆಯಲ್ಲಿದ್ದಾಗ ರಿಪಬ್ಲಿಕನ್ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಕೂಡ ಬುಲಕ್ ಅವರನ್ನು ಒಲಿಸಿಕೊಂಡೇ ಕೆಲಸ ಮಾಡಬೇಕಾಯಿತು. ಟೆಕ್ಸಸ್‌ನಲ್ಲಿ ನಿಜವಾದ ಬಲ ಎರಡನೇ ಕುರ್ಚಿಯಲ್ಲಿದೆ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ.

ದುರ್ಬಲ ಗವರ್ನರ್ ಕೂಡ ಮಿತಿ ಮೀರಬಲ್ಲರು. ಜೇಮ್ಸ್ ಫರ್ಗುಸನ್ ತಮಗೆ ಆಗದ ಕೆಲವು ಪ್ರಾಧ್ಯಾಪಕರನ್ನು ತೆಗೆಯಿರಿ ಎಂದು ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೇಳಿದರು. ವಿಶ್ವವಿದ್ಯಾಲಯ ಒಪ್ಪಲಿಲ್ಲ. 1917ರಲ್ಲಿ ಅವರು ಅದರ ಹೆಚ್ಚುಕಮ್ಮಿ ಇಡೀ ಅನುದಾನವನ್ನು ವೀಟೊ ಮಾಡಿದರು. ಶಾಸಕಾಂಗ ಅವರಿಗೆ ವಾಗ್ದಂಡನೆ ವಿಧಿಸಿತು, ಮತ್ತೆ ಹುದ್ದೆ ಹಿಡಿಯದಂತೆ ತಡೆಯಿತು. 1924ರಲ್ಲಿ ಅವರ ಹೆಂಡತಿ ಮಿರಿಯಮ್ ನಿಂತು ಗೆದ್ದರು. ಒಂದೇ ಮತಕ್ಕೆ ಇಬ್ಬರು ಗವರ್ನರ್ ಸಿಗುತ್ತಾರೆ ಎಂಬುದೇ ಅವರ ಪ್ರಚಾರವಾಗಿತ್ತು! ಬಾಗಿಲು ಮುಚ್ಚಿದರೆ ಕಿಟಕಿ. ಲಾಲೂ ಪ್ರಸಾದ್–ರಾಬ್ಡಿ ದೇವಿ ಕಾಲ ನೋಡಿದ ನಮಗೆ ಇದನ್ನು ವಿವರಿಸಬೇಕಿಲ್ಲ.

ಈ ಗೋಜಲನ್ನು ಸರಿಮಾಡಲು ಒಮ್ಮೆ ಗಟ್ಟಿ ಪ್ರಯತ್ನ ನಡೆಯಿತು. 1974ರಲ್ಲಿ 181 ಶಾಸಕರೇ ಸಂವಿಧಾನ ಸಭೆಯಾಗಿ ಕೂತರು. ಏಳು ತಿಂಗಳ ನಂತರ ಕೊನೆಯ ಮತದಾನ. ಬೇಕಿದ್ದದ್ದು 121, ಬಂದದ್ದು 118. ಮೂರು ಮತಕ್ಕೆ ಹೋಯಿತು. ಕಾರ್ಮಿಕ ಸಂಘ ಸೇರುವುದು ಕಡ್ಡಾಯವಾಗಬಾರದು ಎಂಬ ಅಂಶ ಇರಬೇಕೋ ಬೇಡವೋ ಎನ್ನುವುದರ ಮೇಲೆ ಜಗಳ ಬಿಗಿಯಾಗಿತ್ತು. ಅದಕ್ಕೂ ಸರ್ಕಾರದ ಅಂಗಗಳಿಗೂ ಹೆಚ್ಚಿನ ಸಂಬಂಧ ಇರಲಿಲ್ಲ. ಮರುವರ್ಷ ಅದೇ ಕರಡನ್ನು ಎಂಟು ತುಂಡು ಮಾಡಿ ಜನರ ಮುಂದೆ ಇಟ್ಟರು. ಗವರ್ನರ್ ಡಾಲ್ಫ್ ಬ್ರಿಸ್ಕೋ ಅವರೇ ಬೇಡ ಎಂದರು. ಎಂಟೂ ಬಿದ್ದುಹೋದವು. ಅಲ್ಲಿಂದ ಮುಂದೆ ಉಳಿದದ್ದು ತೇಪೆ ಹಾಕುವ ಕೆಲಸ. 500ಕ್ಕೂ ಹೆಚ್ಚು ತಿದ್ದುಪಡಿಗಳು ಆಗಿವೆ.

ಹಂಚಿದ ಅಧಿಕಾರದಿಂದ ಏನಾಗುತ್ತದೆ ಎಂದು 2021ರ ಫೆಬ್ರವರಿಯ ಚಳಿ ತೋರಿಸಿತು. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿ ಕನ್ನಡಿಗರೂ ಬಹಳ ಜನ ಇದ್ದಾರೆ. ನಮ್ಮಲ್ಲಿ ಎಷ್ಟೋ ಮನೆಯವರಿಗೆ ಆ ವಾರ ಫೋನು ಮಾಡಿ ವಿಚಾರಿಸಿದ ನೆನಪು ಇರಬಹುದು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಸರ್ಕಾರಿ ಲೆಕ್ಕದಲ್ಲಿ 246 ಜನ ಸತ್ತರು. ವಿದ್ಯುತ್ ನೋಡಿಕೊಳ್ಳುವುದು ಗವರ್ನರ್ ನೇಮಿಸಿದ ಆಯೋಗ. ಆ ವಿದ್ಯುತ್ ಸ್ಥಾವರಗಳಿಗೆ ಬೇಕಾದ ಗ್ಯಾಸ್ ಬಾವಿ, ಪೈಪುಗಳನ್ನು ನೋಡಿಕೊಳ್ಳುವುದು ರೈಲ್‌ರೋಡ್ ಕಮಿಷನ್. 1891ರಲ್ಲಿ ರೈಲಿಗೆಂದು ಹುಟ್ಟಿದ ಅದಕ್ಕೆ ಈಗ ರೈಲಿನ ಕೆಲಸವೇ ಇಲ್ಲ. ಅದರ ಮೂವರು ಸದಸ್ಯರನ್ನು ಜನ ಆರಿಸುತ್ತಾರೆ. ಅವರು ಗವರ್ನರ್‌ಗೆ ಉತ್ತರ ಕೊಡಬೇಕಿಲ್ಲ. ಬಾವಿ ಹೆಪ್ಪುಗಟ್ಟಿದ್ದರಿಂದ ಕರೆಂಟ್ ಹೋಯಿತೋ, ಕರೆಂಟ್ ಹೋಗಿದ್ದರಿಂದ ಗ್ಯಾಸ್ ನಿಂತಿತೋ ಎಂದು ಎರಡೂ ಕಡೆಯವರು ಬೆರಳು ತೋರಿಸಿದರು. ಎರಡೂ ನಿಜ. ವಿದ್ಯುತ್ ಆಯೋಗದ ಸದಸ್ಯರು ರಾಜೀನಾಮೆ ಕೊಟ್ಟು ಹೋದರು. ಚುನಾಯಿತರಾದ ರೈಲ್‌ರೋಡ್ ಕಮಿಷನರ್‌ಗಳು ಇದ್ದಲ್ಲೇ ಇದ್ದರು.

ಇನ್ನೊಂದು ಬದಲಾವಣೆ ನಿಧಾನವಾಗಿ ನಡೆದದ್ದು. ಸಂವಿಧಾನ ಗವರ್ನರ್ ಎಷ್ಟು ಅವಧಿ ಇರಬೇಕು ಎಂದು ಮಿತಿ ಹಾಕಿಲ್ಲ. ಎರಡು ವರ್ಷದ ಅವಧಿ 1970ರ ದಶಕದಲ್ಲಿ ನಾಲ್ಕಾಯಿತು. ರಿಕ್ ಪೆರಿ 2000ದಿಂದ 2015ರವರೆಗೆ ಕೂತರು. ಅಷ್ಟು ದಿನ ಕೂತರೆ ನೂರಾರು ಮಂಡಳಿ, ಆಯೋಗಗಳಲ್ಲಿ ಇರುವವರೆಲ್ಲ ನಿಮ್ಮವರೇ ಆಗಿರುತ್ತಾರೆ. ಅವರ ನಂತರ ಬಂದ ಗ್ರೆಗ್ ಅಬಟ್ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ವಿಶೇಷ ಅಧಿವೇಶನ ಕರೆಯುವುದು, ಅದರಲ್ಲಿ ಯಾವ ವಿಷಯ ಬರಬೇಕು ಎಂದು ತೀರ್ಮಾನಿಸುವುದು ಗವರ್ನರ್ ಒಬ್ಬರ ಕೈಯಲ್ಲಿದೆ. 2021ರಲ್ಲಿ ಡೆಮಾಕ್ರಾಟ್ ಶಾಸಕರು ಎದ್ದುಹೋಗಿ ಕೋರಂ ಮುರಿದರು. ಕೋರಂಗೆ ಅಲ್ಲಿ ಮೂರನೇ ಎರಡು ಭಾಗ ಬೇಕು, ಅದೂ 1876ರ ಸಂವಿಧಾನದಲ್ಲೇ ಇದೆ. ಅಬಟ್ ಶಾಸಕಾಂಗದ ಸ್ವಂತ ಖರ್ಚಿನ ಹಣವನ್ನೇ ವೀಟೊ ಮಾಡಿದರು. ಸಿಬ್ಬಂದಿಯ ಸಂಬಳ ಸೇರಿ. ಇದು ಅಂಗಗಳ ವಿಭಜನೆಯನ್ನೇ ಮುರಿಯುತ್ತದೆ ಎಂದು ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಮಧ್ಯೆ ಬರಲು ಒಪ್ಪಲಿಲ್ಲ. ನನ್ನ ಮಟ್ಟಿಗೆ ಇದು 1876ರವರು ಊಹಿಸಿಯೇ ಇರಲಾರದ ಸನ್ನಿವೇಶ. ವೀಟೊ ಅನ್ನುವುದು ಖರ್ಚು ಕಡಿಮೆ ಮಾಡುವ ಸಾಧನ ಎಂದು ಅವರು ತಿಳಿದಿದ್ದರು.

ಪ್ಯಾಕ್ಸ್‌ಟನ್ ಕಥೆಯೂ ಮುಂದುವರಿಯಿತು. 2023ರ ಮೇನಲ್ಲಿ ಅವರದೇ ಪಕ್ಷದ ಬಹುಮತ ಇದ್ದ ಕೆಳಮನೆ 121–23ರಲ್ಲಿ ಅವರ ಮೇಲೆ ವಾಗ್ದಂಡನೆ ಆರೋಪ ಹೊರಿಸಿತು. ಸೆನೆಟ್‌ನಲ್ಲಿ ವಿಚಾರಣೆ. ಅಲ್ಲಿ ಒಬ್ಬ ಸದಸ್ಯೆ ಅವರ ಹೆಂಡತಿಯೇ. ಅವರು ಕೂತು ನೋಡಿದರು, ಮತ ಹಾಕುವಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸೆನೆಟ್ ಪ್ಯಾಕ್ಸ್‌ಟನ್ ಅವರನ್ನು ಖುಲಾಸೆ ಮಾಡಿತು. ಅದಾಗಿ ಆರು ತಿಂಗಳಿಗೆ ಆ ಮೂವರು ಜಡ್ಜುಗಳು ಸೋತರು.

2025ರ ನವೆಂಬರ್‌ನಲ್ಲಿ ಟೆಕ್ಸಸ್ ಮತದಾರರ ಮುಂದೆ 17 ತಿದ್ದುಪಡಿಗಳು ಬಂದವು. 17ಕ್ಕೂ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಒಂದು, ಜಡ್ಜುಗಳ ನಡತೆಯನ್ನು ವಿಚಾರಿಸುವ ಆಯೋಗದ ಬಗ್ಗೆ. ಆ ಆಯೋಗದಲ್ಲಿ 13 ಸ್ಥಾನ. ಮೊದಲು ಆರು ಜನ ಜಡ್ಜುಗಳನ್ನು ಸುಪ್ರೀಂ ಕೋರ್ಟ್, ಇಬ್ಬರನ್ನು ವಕೀಲರ ಪರಿಷತ್ತು, ಐವರನ್ನು ಗವರ್ನರ್ ನೇಮಿಸುತ್ತಿದ್ದರು. ತಿದ್ದುಪಡಿಯಲ್ಲಿ ವಕೀಲರ ಪರಿಷತ್ತಿನ ಎರಡು ಸ್ಥಾನ ಹೋಯಿತು. ಗವರ್ನರ್ ಪಾಲು ಏಳಾಯಿತು.