ರಾಜಿ ಪತ್ರ ಬರೆಸಿಕೊಂಡರೆ ಅಡ್ವಾನ್ಸ್ ವಾಪಸ್ ಬರುತ್ತಾ?

ಪ್ರಶ್ನೆ: ಬಾಡಿಗೆ ಮನೆ ಖಾಲಿ ಮಾಡಿ ಐದು ತಿಂಗಳಾಯಿತು. ಪೇಂಟಿಂಗ್, ರಿಪೇರಿ ಅಂತ ಓನರ್ ಅಡ್ವಾನ್ಸ್ ಕೊಟ್ಟಿಲ್ಲ. ಈಗ ರಾಜಿಗೆ ಒಪ್ಪಿದ್ದಾರೆ. ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕಾ? ಆಮೇಲೆ ಮಾತು ತಪ್ಪಿದರೆ?
– ಓದುಗರೊಬ್ಬರು, ವಿಜಯನಗರ

ಉತ್ತರ: ಸಾಲದು. ನೀವಿಬ್ಬರೇ ಕೂತು ಬರೆದುಕೊಂಡ ಪತ್ರ ಬರೀ ಒಂದು ಕರಾರು. ಅವರು ದುಡ್ಡು ಕೊಡದಿದ್ದರೆ ಆ ಪತ್ರ ಹಿಡಿದು ನೀವು ಹೊಸದಾಗಿ ದಾವೆ ಹೂಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೋಸ ಹೋಗುತ್ತಾರೆ.

ಅದೇ ರಾಜಿಯನ್ನು ಲೋಕ ಅದಾಲತ್ ಮುಂದೆ ಮಾಡಿಕೊಳ್ಳಿ. ಕೋರ್ಟಿನಲ್ಲಿ ಕೇಸ್ ಇರಲೇಬೇಕು ಅಂತಿಲ್ಲ. ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಓನರ್‌ಗೂ ನೋಟಿಸ್ ಹೋಗುತ್ತದೆ. ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಕೂತವರು ಇಬ್ಬರ ಮಾತನ್ನೂ ಕೇಳಿ ದಾರಿ ತೋರಿಸುತ್ತಾರೆ, ಆದರೆ ಇಷ್ಟಕ್ಕೇ ಒಪ್ಪಿ ಅಂತ ಬಲವಂತ ಮಾಡುವಂತಿಲ್ಲ. ಒಪ್ಪಿಗೆಯಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅದಾಲತ್ ಕೊಡುವ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ. ಅದರ ಮೇಲೆ ಅಪೀಲು ಇಲ್ಲ. ಓನರ್ ಕೊಡದಿದ್ದರೆ ನೇರವಾಗಿ ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸಿ ಅಂತ ಕೋರ್ಟಿಗೆ ಕೊಡುವ ಅರ್ಜಿ) ಹಾಕಬಹುದು. ಅವರ ಬ್ಯಾಂಕ್ ಖಾತೆಯನ್ನೂ ಜಪ್ತಿ ಮಾಡಿಸಬಹುದು.

ಕ್ರಮ ತಪ್ಪಿದರೆ ದೊಡ್ಡ ಕಂಪನಿಗಳಿಗೂ ಪೆಟ್ಟು ಬೀಳುತ್ತದೆ. 2003ರ ಮೈಸೂರು ಸಿಮೆಂಟ್ಸ್ ಪ್ರಕರಣದಲ್ಲಿ ಎರಡೂ ಕಡೆಯವರು ಸಂಧಾನಕ್ಕೆ ಕೂತು ಸಹಿಯನ್ನೂ ಹಾಕಿದ್ದರು. ಆದರೆ ಆ ಕಾಗದಗಳು 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆ ಹೇಳಿದ ರೀತಿಯ ರಾಜಿ ಒಪ್ಪಂದ ಆಗಿರಲಿಲ್ಲ. ಅವನ್ನು ಡಿಕ್ರಿಯಂತೆ ಜಾರಿ ಮಾಡಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹಾಗಾಗಿ ಏನು ಬರೆಸುತ್ತೀರಿ ಅನ್ನೋದು ಮುಖ್ಯ. 'ಶೀಘ್ರದಲ್ಲೇ ಕೊಡುತ್ತೇನೆ' ಅನ್ನುವ ಸಾಲು ಬೇಡವೇ ಬೇಡ. ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ, ಉಳಿದದ್ದು ಎಷ್ಟು, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ತಡವಾದರೆ ಬಡ್ಡಿ ಎಷ್ಟು, ಎಲ್ಲವೂ ಇರಲಿ. ಸ್ವಲ್ಪ ಬಿಟ್ಟುಕೊಟ್ಟು ಬೇಗ ಮುಗಿಸೋದು ತಪ್ಪಲ್ಲ. ಆದರೆ ಗೋಡೆಯ ಮಾಮೂಲಿ ಸವೆತಕ್ಕೆಲ್ಲ ದುಡ್ಡು ಕಟ್ಟಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮೊದಲು ಫೋನಿನಲ್ಲಿ ಕೇಳಬೇಕಿದ್ದರೆ 15100ಕ್ಕೆ ಕರೆ ಮಾಡಿ. ಬಾಡಿಗೆ ಕರಾರು, ಅಡ್ವಾನ್ಸ್ ಕೊಟ್ಟ ದಾಖಲೆ, ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ಜೊತೆಗಿರಲಿ.

ಓನರ್ ಬರದೇ ಹೋದರೆ ಕೋರ್ಟೇ ಗತಿ. ಅಡ್ವಾನ್ಸ್ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಸುಮ್ನೆ ಮಾತುಕತೆಯಲ್ಲಿ ಕಳೆದ ತಿಂಗಳುಗಳೂ ಅದರಲ್ಲೇ ಲೆಕ್ಕ. ಅರ್ಜಿಯನ್ನು ಈ ವಾರವೇ ಕೊಡಿ.