ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ನಡೆಯೋಕೆ ಜಾಗ ಯಾಕಿಲ್ಲ?

ಸಿರುಗುಪ್ಪ ರಸ್ತೆ, ಕಪ್ಪಗಲ್ಲು ರಸ್ತೆ, ಸಂಗನಕಲ್ಲು ರಸ್ತೆ. ಬಳ್ಳಾರಿ ಬೆಳೆದ ದಿಕ್ಕುಗಳಲ್ಲಿ ಇವು ಕೆಲವು. ಹೊಸ ಬಡಾವಣೆಯ ಮನೆ ಚೆನ್ನಾಗಿರುತ್ತದೆ, ಮುಂದಿನ ರಸ್ತೆಯೂ ಅಗಲವೇ. ಆದರೆ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಅಜ್ಜಿಯೊಬ್ಬರು ಭಯವಿಲ್ಲದೆ ನಡೆದು ಹೋಗುವಂತಿಲ್ಲ. ಫುಟ್‌ಪಾತ್ ಒತ್ತುವರಿ ಆಗಿದೆ ಅಂತ ಒಬ್ಬರು, ರಸ್ತೆ ಇನ್ನೂ ಅಗಲ ಮಾಡಬೇಕು ಅಂತ ಇನ್ನೊಬ್ಬರು. ಹಳೇ ಪೇಟೆಯಲ್ಲಿ ಒತ್ತುವರಿ ನಿಜ. ಬಡಾವಣೆಗಳ ಕತೆ ಬೇರೆ. ಅಲ್ಲಿ ಬಹಳ ಕಡೆ ಫುಟ್‌ಪಾತ್ ಮೊದಲಿಂದಲೂ ಇರಲಿಲ್ಲ.

ಕೋಟೆ ಕೆಳಗಿನ ಪೇಟೆ, ಕಂಟೋನ್ಮೆಂಟ್, ಕೌಲ್ ಬಜಾರ್ ಬೆಳೆದದ್ದು ಜನ ನಡೆದು ಓಡಾಡುತ್ತಿದ್ದ ಕಾಲದಲ್ಲಿ. ಊರು ಹೇಗೆ ಬೆಳೆಯಬೇಕು ಅನ್ನುವ ಕಾಯ್ದೆಗಳು ಬಂದದ್ದು ಆಮೇಲೆ: 1961ರಲ್ಲಿ ನಗರ ಯೋಜನೆಯ ಕಾಯ್ದೆ, 1987ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ.

ನಿಜವಾದ ತಿರುವು 2000ದ ನಂತರ. ಬಳ್ಳಾರಿ ಸೀಮೆಯ ಗಣಿಗಳ ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೇಡಿಕೆ ಏರಿತು. ಸಂಡೂರು, ಹೊಸಪೇಟೆ ಕಡೆ ರಸ್ತೆಗಳಲ್ಲಿ ಲಾರಿ ಸಾಲು, ಮರಗಳ ಮೇಲೆ ಕೆಂಪು ಧೂಳು. ಅದೇ ಹೊತ್ತಿಗೆ ಜಮೀನಿನ ಬೆಲೆಯೂ ಏರಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳು ಎನ್‌ಎ ಆಗಿ, ಅಂದರೆ ಕೃಷಿಯೇತರ ಜಮೀನಾಗಿ, ಸೈಟುಗಳಾದವು. ಒಂದೊಂದು ಹೊಲ ಒಂದೊಂದು ಬಡಾವಣೆ. ಒಂದರ ರಸ್ತೆ ಇನ್ನೊಂದಕ್ಕೆ ಸೇರಲಿಲ್ಲ, ಎಷ್ಟೋ ಕಡೆ ಕಾಂಪೌಂಡ್ ಗೋಡೆಗೆ ಬಂದು ನಿಂತಿತು. ಗೋಡೆಯಾಚೆ ಇರುವ ಶಾಲೆಗೆ ಹೋಗಲು ಮಗು ಮೇನ್ ರೋಡಿಗೆ ಬಂದು ಸುತ್ತಬೇಕು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಯೋಜನೆ. ಆದರೆ ಆ ಸೈಕಲ್ ಓಡಬೇಕಾಗಿದ್ದು ಲಾರಿಗಳ ಪಕ್ಕದಲ್ಲೇ.

ಫುಟ್‌ಪಾತ್‌ಗೆ ಏನಾಗುತ್ತದೆ ಅಂತ ಒಂದು ಬೀದಿಯಲ್ಲಿ ನಿಂತು ನೋಡಿ. ನಕ್ಷೆಯಲ್ಲಿ ರಸ್ತೆಯ ಅಗಲ ಇರುತ್ತದೆ, ಚರಂಡಿ, ಪಾರ್ಕು, ಕಂಬ ಇರುತ್ತವೆ. ಚರಂಡಿಗೂ ಕಾಂಪೌಂಡಿಗೂ ನಡುವೆ ಉಳಿದ ಮಣ್ಣೇ ಫುಟ್‌ಪಾತ್. ಮೊದಲು ಡಾಂಬರು ಬೀಳುತ್ತದೆ. ಆಮೇಲೆ ನೀರಿನ ಪೈಪಿಗೆ, ಒಳಚರಂಡಿಗೆ ಅಗೆಯುತ್ತಾರೆ. ಮತ್ತೆ ಡಾಂಬರು. ಪ್ರತಿ ಸಲ ರಸ್ತೆ ಎರಡು ಮೂರು ಇಂಚು ಏರುತ್ತದೆ. ಮಳೆ ನೀರು ಒಳಗೆ ಬರಬಾರದಲ್ವಾ? ಹಾಗಾಗಿ ಮನೆಯವರು ಪಾಯ ಎತ್ತರಿಸಿ, ಕಾರು ಹತ್ತಿಸಲು ಚರಂಡಿ ಮೇಲೆ ರ‍್ಯಾಂಪ್ ಕಟ್ಟುತ್ತಾರೆ. ಪಕ್ಕದವರದು ಇನ್ನೂ ಅರ್ಧ ಅಡಿ ಎತ್ತರ. ನಡುವೆ ಒಂದು ಟ್ರಾನ್ಸ್‌ಫಾರ್ಮರ್. ಎರೆ ಮಣ್ಣು ಬೇರೆ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಣ್ಣಿನ ಮೇಲೆ ಸುಮ್ನೆ ಜೋಡಿಸಿದ ಬಂಡೆ ವಾಲುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ನಡೆಯುವವರು ರಸ್ತೆಗೇ ಇಳಿಯಬೇಕು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ಮತ್ತೆ ಶುರುವಾದದ್ದು ಕಟ್ಟುನಿಟ್ಟಿನ ಮಿತಿಯಲ್ಲಿ. ಬಡಾವಣೆಗಳು ಮಾತ್ರ ಬೆಳೆಯುತ್ತಲೇ ಹೋದವು.

ನಿಯಮಗಳೇನೂ ಕಮ್ಮಿ ಇಲ್ಲ. ವಾಹನಕ್ಕಿಂತ ಜನ ಮುಖ್ಯ ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿತ್ತು. ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು ಅನ್ನುತ್ತದೆ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್. 2025ರ ಮೇನಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದಿತು.

ಸೈಕಲ್ ಅಂದಕೂಡಲೇ ಬಣ್ಣದ ಟ್ರ್ಯಾಕ್ ಕಣ್ಣ ಮುಂದೆ ಬರುತ್ತದೆ. ಬಡಾವಣೆ ಒಳಗೆ ಅದು ಬೇಕಿಲ್ಲ, ವಾಹನಗಳ ವೇಗ 30 ಕಿಲೋಮೀಟರ್ ದಾಟದಿದ್ದರೆ ಸಾಕು. ಬೇರೆ ದಾರಿ ಬೇಕಿರುವುದು ಲಾರಿ, ಬಸ್ ಓಡುವ ದೊಡ್ಡ ರಸ್ತೆಗಳಲ್ಲಿ. ಫುಟ್‌ಪಾತ್ ವಿಷಯ ಇನ್ನೂ ಸರಳ. ಬಡಾವಣೆಯ ರಸ್ತೆ, ಚರಂಡಿಯಂಥ ಕೆಲಸ ಮುಗಿದಂತೆ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಈಗಾಗಲೇ ಇದೆ. ಆ ಕೆಲಸಗಳ ಪಟ್ಟಿಯಲ್ಲಿ ಡಾಂಬರಿಗಿಂತ ಮೊದಲು ಫುಟ್‌ಪಾತ್ ಬರಬೇಕು, ರಸ್ತೆಯ ಮಟ್ಟವನ್ನೂ ಆಗಲೇ ಗುರುತಿಸಬೇಕು. ಹಳೇ ಬಡಾವಣೆಗಳಲ್ಲಿ ರ‍್ಯಾಂಪ್ ಒಡೆಯುವುದು ಕಷ್ಟದ ಮಾತು, ಜಗಳವಾಗುತ್ತದೆ. ಆದರೆ ಎರಡು ಬಡಾವಣೆಗಳ ನಡುವಿನ ಗೋಡೆಯಲ್ಲಿ ಆರಡಿ ದಾರಿ ಬಿಡಿಸಬಹುದು. ಆಗ ಶಾಲೆಗೆ ಹೋಗುವ ಹುಡುಗಿಯ ಸೈಕಲ್ ಮೇನ್ ರೋಡಿಗೆ ಬರಬೇಕಾಗಿಲ್ಲ.