ಎರಡು ತಿಂಗಳ ಕಾಯುವಿಕೆ ಎರಡು ಗಂಟೆಗೆ ಇಳಿದದ್ದು

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಓಡಾಡುವವರಿಗೆ ಪಿಕೆಟಿಬಿ ಆಸ್ಪತ್ರೆ ಗೊತ್ತಿರುತ್ತದೆ. ಆ 'ಪಿಕೆ' ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಆಕೆ ತೀರಿಕೊಂಡದ್ದು ಕ್ಷಯದಿಂದ. ಅರಮನೆಯವರಿಗೂ ಆಗ ಮದ್ದಿರಲಿಲ್ಲ.

ರೋಗಾಣು ಯಾವುದು ಅನ್ನೋದು ಮಾತ್ರ ಗೊತ್ತಿತ್ತು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಅದನ್ನು ಜಗತ್ತಿಗೆ ತಿಳಿಸಿದ್ದರು. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಪರೀಕ್ಷೆ ಹೆಚ್ಚು ಬದಲಾಗಲಿಲ್ಲ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಟಿಬಿ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. ಕಲ್ಚರ್, ಅಂದರೆ ಲ್ಯಾಬಿನಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದು, ಮಾಡಬಹುದಿತ್ತು, ಆದರೆ ಈ ರೋಗಾಣು ಬೆಳೆಯುವುದು ತುಂಬಾ ನಿಧಾನ. ಆರರಿಂದ ಎಂಟು ವಾರ ಬೇಕು.

ಮಂಡ್ಯ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನಿಗೆ ಹೀಗೇ ಆಯಿತು. ಎರಡು ಸಲ ಕಫ ಕೊಟ್ಟರು, ಎರಡು ಸಲವೂ 'ಏನೂ ಇಲ್ಲ' ಅಂತ ಚೀಟಿ ಬಂತು. ಕೆಮ್ಮುತ್ತಲೇ ಕಬ್ಬಿನ ಗದ್ದೆಗೆ ಹೋದರು, ರಾತ್ರಿ ಮೊಮ್ಮಗನ ಪಕ್ಕದಲ್ಲೇ ಮಲಗಿದರು. ಆ ಚೀಟಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ತೆರೆದದ್ದು 1983ರಲ್ಲಿ. ಅಮೆರಿಕದ ಕ್ಯಾರಿ ಮುಲ್ಲಿಸ್ ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ವಿಧಾನ ಯೋಚಿಸಿದರು. ಹಾಗೆ ಪ್ರತಿ ಮಾಡಿದರೆ ಕಫದಲ್ಲಿ ರೋಗಾಣು ಕಡಿಮೆ ಇದ್ದರೂ ಹಿಡಿಯಬಹುದು. ಆದರೆ ಅದಕ್ಕೆ ದೊಡ್ಡ ಲ್ಯಾಬು, ನುರಿತ ಕೈ ಬೇಕಿತ್ತು. ಆ ಕೆಲಸವನ್ನೆಲ್ಲ ಒಂದು ಪ್ಲಾಸ್ಟಿಕ್ ಕಾರ್ಟ್ರಿಡ್ಜ್ ಒಳಗೆ ತುಂಬಿದ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ 2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸಿಬಿನ್ಯಾಟ್ ಅಂತಾರೆ.

ಕಫಕ್ಕೆ ಎರಡರಷ್ಟು ದ್ರಾವಣ ಹಾಕಿ ಚೆನ್ನಾಗಿ ಅಲುಗಾಡಿಸುತ್ತಾರೆ. ಹದಿನೈದು ನಿಮಿಷದಲ್ಲಿ ಗಟ್ಟಿ ಕಫ ನೀರಾಗುತ್ತದೆ. ಕಾರ್ಟ್ರಿಡ್ಜ್‌ಗೆ ಹಾಕಿ, ಯಂತ್ರದ ಬಾಗಿಲು ಮುಚ್ಚಿದರೆ ಆಯಿತು. ರೋಗಾಣುವನ್ನು ಸೋಸುವುದು, ಒಡೆಯುವುದು, ಡಿಎನ್‌ಎ ಪ್ರತಿ ಮಾಡುವುದು ಎಲ್ಲ ಒಳಗೇ. ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ಟಿಬಿಗೆ ಕೊಡುವ ಮುಖ್ಯ ಮಾತ್ರೆ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದಾ, ಎರಡೂ ಗೊತ್ತಾಗುತ್ತವೆ. ಆ ಎರಡನೇ ಉತ್ತರ ಬಹಳ ದೊಡ್ಡದು. ಮೊದಲೆಲ್ಲ ಕೆಲಸ ಮಾಡದ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದವರಿದ್ದಾರೆ.

ಸಿಬಿನ್ಯಾಟ್‌ಗೆ ಕರೆಂಟು, ಎಸಿ ಬೇಕು. ಬೆಂಗಳೂರಿನ ಬಿಗ್‌ಟೆಕ್, ಗೋವಾದ ಮೋಲ್‌ಬಯೋ ಕಂಪನಿಗಳು ಸೇರಿ ತಂದ, ಇಂಥದೇ ಪರೀಕ್ಷೆ ಮಾಡುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೇ ನಡೆಯುತ್ತದೆ. ಹಳ್ಳಿ ಆಸ್ಪತ್ರೆಗಳಿಗೆ ಇದೇ ಸರಿ ಅಂತ ನನಗನ್ನಿಸುತ್ತದೆ.

ಆದರೆ ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ಯಾವ ಯಂತ್ರವೂ ಏನೂ ಮಾಡಲಾರದು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವೇ ಆಗಬೇಕು. ಇನ್ನೊಂದು ವಿಷಯ: ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಈ ಯಂತ್ರಗಳು ಹಿಡಿಯುತ್ತವೆ. ಹಾಗಾಗಿ ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಇವತ್ತಿಗೂ ಅದೇ ಹಳೇ ಗಾಜು, ಅದೇ ಬಣ್ಣ.